ನಿಂತವನಿಗೆ ಎಣಿಕೆ

ಕಬ್ಬೂರಿನ ಜಕ್ಕಪ್ಪ ಅಂದು ಬೆಳಗಿನಿಂದ ಒಂದು ಕಡೆ ಕುಂತವನಲ್ಲ. ನಿಪ್ಪಾಣಿಯ ಶಾಲೆಯ ಮೈದಾನದಲ್ಲಿ ಹಗ್ಗ ಕಟ್ಟಿ ಮಾಡಿದ್ದ ಬಾಕ್ಸಿಂಗ್ ಕಣವನ್ನು ನಾಲ್ಕು ಸಲ ಸುತ್ತಿದ, ಮೂರು ಸಲ ಚಹಾ ಕುಡಿದ, ರುಮಾಲು ಬಿಚ್ಚಿ ಬಿಚ್ಚಿ ಕಟ್ಟಿದ. ಚಡಪಡಿಸದೆ ಏನು ಮಾಡಿಯಾನು? ಮಗ ಬಾಳು ಇದೊಂದು ಪಂದ್ಯ ಗೆದ್ದರೆ ಫೌಜಿನ ಆಟಗಾರರ ಭರ್ತಿಗೆ ಹೆಸರು ಹೋಗುತ್ತಿತ್ತು. ಬರುವ ವರ್ಷವೆಂದರೆ ವಯಸ್ಸು ಮೀರುತ್ತಿತ್ತು. ಇವತ್ತಾದರೆ ಆಯಿತು, ಇಲ್ಲದಿದ್ದರೆ ಇಲ್ಲ.

“ಕುಂಡ್ರೋ ಮಾರಾಯಾ, ಆಡಾಂವ ನೀ ಅಲ್ಲ, ನಿನ್ನ ಮಗ,” ಎಂದ ಲಾಲಸಾಬ. ಇಬ್ಬರೂ ಒಂದೇ ತಾಲೀಮಿನ ಮಣ್ಣು ಮೈಗೆ ಹಚ್ಚಿಕೊಂಡು ಬೆಳೆದ ಹಳೆಯ ಪೈಲ್ವಾನರು.

ಕುಂಡ್ರುವುದೆಲ್ಲಿಂದ ಬಂತು! ಜಕ್ಕಪ್ಪನಿಗೆ ಈ ಗುದ್ದಾಟದ ತಲೆ ಬುಡವೇ ತಿಳಿಯದು. ಕುಸ್ತಿಯಲ್ಲಾದರೆ ಲೆಕ್ಕ ಸರಳ. ಬೆನ್ನಿಗೆ ಮಣ್ಣು ಹತ್ತಿದರೆ ಸೋತ, ಹತ್ತದಿದ್ದರೆ ಸೋತಿಲ್ಲ. ಪಂಚರು ತಪ್ಪು ತೀರ್ಪು ಕೊಟ್ಟರೋ, ಪೈಲ್ವಾನನ ಕಡೆಯವರು ಕಣಕ್ಕೆ ನುಗ್ಗಿ, ಅವನ ಕೈ ಎತ್ತಿ ಹಿಡಿದು ನ್ಯಾಯ ಕೇಳುತ್ತಾರೆ. ಹಾಗೆ ಜಕ್ಕಪ್ಪ ರಾಯಬಾಗ, ಅಥಣಿ ಕಡೆಯ ಎಷ್ಟು ಕಣಗಳಿಗೆ ನುಗ್ಗಿದ್ದನೋ ಅವನಿಗೇ ನೆನಪಿಲ್ಲ. ಬಾಕ್ಸಿಂಗ್ ಬಗ್ಗೆ ಮಗ ಹೇಳಿದ್ದರಲ್ಲಿ ಅವನ ತಲೆಯಲ್ಲಿ ಉಳಿದದ್ದು ಒಂದೇ: ಬಿದ್ದವನಿಗೆ ಪಂಚ ಹತ್ತರ ತನಕ ಎಣಿಸುತ್ತಾನೆ, ಅಷ್ಟರಲ್ಲಿ ಏಳದಿದ್ದರೆ ಆಟ ಮುಗಿಯಿತು.

ಎದುರಾಳಿ ಅಥಣಿಯ ಉದ್ದನೆಯ ಹುಡುಗ. ಮೊದಲೆರಡು ಸುತ್ತಿನಲ್ಲಿ ಬಾಳು ಅವನನ್ನು ಚೆನ್ನಾಗಿ ಆಡಿಸಿದ. ಕೊನೆಯದಾದ ಮೂರನೆಯದು ಮುಗಿಯುತ್ತ ಬಂದಾಗ ದವಡೆಗೆ ಒಂದು ಪೆಟ್ಟು ಬಿತ್ತು ನೋಡಿ, ಬಾಳುವಿನ ಮೊಳಕಾಲು ಸಡಿಲಾದವು. ಬೀಳಲಿಲ್ಲ. ನಿಂತೇ ಇದ್ದ, ಆದರೆ ಕಣ್ಣು ಎತ್ತಲೋ ತಿರುಗಿದ್ದವು. ಪಂಚ ಅಥಣಿಯ ಹುಡುಗನನ್ನು ಮೂಲೆಗೆ ಕಳಿಸಿ, ಬಾಳುವಿನ ಮುಖದೆದುರು ಬೆರಳು ಎತ್ತಿದ. ಒನ್, ಟೂ, ತ್ರೀ...

“ನಿಂತಾನಲೇ! ನಿಂತವ್ನಿಗಿ ಎಣಸಾಕತ್ತಾನ!” ಜಕ್ಕಪ್ಪ ಕಣದ ಕಡೆ ನುಗ್ಗಿಯೇಬಿಟ್ಟ.

“ತಡಿಯೋ, ಏನರ ರೀತಿ ಇದ್ದೀತು,” ಎಂದು ಲಾಲಸಾಬ ಧೋತರ ಹಿಡಿದ. ಹಿಡಿತ ತಪ್ಪಿತು. ಪಂಚ ಏಳು ಅನ್ನುವುದರೊಳಗೆ ಜಕ್ಕಪ್ಪ ಹಗ್ಗ ನುಸುಳಿ ಒಳಗೆ ಬಂದು ಮಗನ ಕೈ ಎತ್ತಿ ಹಿಡಿದಿದ್ದ.

“ಎಲ್ಲಾರೂ ನೋಡ್ರಿ! ನನ್ನ ಮಗನ ಬೆನ್ನ ನೆಲಕ್ಕ ಹತ್ತೇತೇನ್ರಿ?”

ಮೈದಾನಕ್ಕೆ ಮೈದಾನವೇ ಸಿಳ್ಳೆ ಹೊಡೆಯಿತು. ಅವರೂ ಕುಸ್ತಿ ನೋಡಿ ಬೆಳೆದವರೇ, ಪಾಪ. ಬಾಳು ಒಬ್ಬನೇ, “ಅಪ್ಪಾ, ಇಳೀ... ಕೈ ಮುಗೀತೀನಿ, ಇಳೀ,” ಅನ್ನುತ್ತಿದ್ದ. ಪಂಚ ಎರಡೂ ಕೈ ಬೀಸಿ ಆಟ ನಿಲ್ಲಿಸಿ, ಅಥಣಿಯವನ ಕೈ ಎತ್ತಿದ.

ಆ ಪಂಚ ಫೌಜಿನಿಂದ ನಿವೃತ್ತನಾದ ಬಿಳಿ ಮೀಸೆಯ ಸುಬೇದಾರ. ಬೈಯಲಿಲ್ಲ, ಕೂರಿಸಿಕೊಂಡು ಹೇಳಿದ: “ಯಜಮಾನ್ರ, ಇದಕ್ಕ ಸ್ಟ್ಯಾಂಡಿಂಗ್ ಕೌಂಟ್ ಅಂತಾರ. ಪೆಟ್ಟ ತಿಂದು ನಿಂತವ್ನಿಗಿ ಎಂಟರ ತನಕ ಎಣಸ್ತೀವಿ. ಸೋತಾನಂತಲ್ಲ. ಅಲ್ಲೀ ತನಕ ಯಾರೂ ಅವನ್ನ ಮುಟ್ಟಂಗಿಲ್ಲ. ಸುಧಾರಿಸ್ಕೊಂಡಂದ್ರ ಮತ್ತ ಆಡಸ್ತೀವಿ. ಆಟ ನಡದಾಗ ಅವನ ಕಡಿಯವ್ರು ಒಳಗ ಬಂದ್ರ ಮಾತ್ರ ಹುಡುಗ ಬಾದ್, ಸೋತಂಗ ಲೆಕ್ಕ.”

“ನನ್ನ ಮಗ ಮುಂದಿದ್ನೇನ್ರಿ?”

“ಇದ್ದ. ಅರ್ಧ ಮಿನಿಟ ಉಳದಿತ್ತು.”

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. “ತಪ್ಪ ನಂದೈತ್ರಿ, ಶಿಕ್ಷಾ ನನಗ ಕೊಡ್ರಿ,” ಎಂದು ಜಕ್ಕಪ್ಪ ರುಮಾಲು ತೆಗೆದು ಸುಬೇದಾರನ ಮುಂದಿಟ್ಟ. ಸುಬೇದಾರ ಅದನ್ನು ಎತ್ತಿ ತಿರುಗಿ ಅವನ ಕೈಗೇ ಕೊಟ್ಟ.

ಬಸ್ ನಿಲ್ದಾಣದಲ್ಲಿ ಬಾಳು ಅಂಗೈಗೆ ಸುತ್ತಿದ ಪಟ್ಟಿ ಬಿಚ್ಚುತ್ತ ನಿಂತಿದ್ದ. ಜಕ್ಕಪ್ಪ ಅವನ ಎಡಕ್ಕೆ ಬಂದ, ಬಲಕ್ಕೆ ಬಂದ, ಮತ್ತೆ ಎಡಕ್ಕೆ ಬಂದ.

“ಅನ್ಯಾಯ ಆಗಾಕತ್ತೇತಂತ ಬಂದ್ನೋ ಬಾಳ್ಯಾ, ನ್ಯಾಯ ಕೇಳಾಕ...”

“ಐದಕ್ಕ ನನಗ ಎಲ್ಲಾ ಛಲೋ ಕಾಣಾಕತ್ತಿತ್ತಪ್ಪಾ,” ಎಂದ ಬಾಳು, ಪಟ್ಟಿ ನೋಡುತ್ತಲೇ. “ಆರಕ್ಕ ಮುಷ್ಟಿ ಬಿಗಿ ಮಾಡಿದ್ನಿ. ಗುರ್ತಿಲ್ಲದ ಮನಷ್ಯಾ ಎಂಟರ ತನಕ ನನ್ನ ಮ್ಯಾಲ ನಂಬಿಕಿ ಇಟ್ಟಿದ್ದ. ನಿನಗ ಆಗಲಿಲ್ಲ.”

ಜಕ್ಕಪ್ಪನ ಬಾಯಿಗೆ ಮತ್ತೆ ಅನ್ಯಾಯದ ಮಾತೇ ಬಂತು. ನುಂಗಿಕೊಂಡ.

“ಅನ್ಯಾಯ ಗಿನ್ಯಾಯ ಎಲ್ಲಾ ಸುಳ್ಳೋ. ನಿನ್ನ ಕಣ್ಣ ತಿರಗಿದ್ದ ನೋಡಿ ಅಂಜಿದ್ನಿ.”

ಮೂವತ್ತು ವರ್ಷದ ಗೆಳೆತನದಲ್ಲಿ ಈ ಮಾತು ಅವನ ಬಾಯಲ್ಲಿ ಕೇಳದ ಲಾಲಸಾಬ ಮುಖ ಆಚೆ ತಿರುಗಿಸಿದ.

ಬಸ್ಸು ಬಂತು. ಬಾಳು ಕಿಟಕಿಯ ಬಳಿ ಕುಳಿತು ತನ್ನ ಚೀಲವನ್ನು ಪಕ್ಕದ ಸೀಟಿನ ಮೇಲಿಟ್ಟ. ಜಕ್ಕಪ್ಪ ಆ ಸೀಟಿನ ಹತ್ತಿರ ಬಂದು ಕಂಬಿ ಹಿಡಿದು ನಿಂತ. ಅರ್ಧ ದಾರಿ ಕಳೆದು ಚಿಕ್ಕೋಡಿ ಬರುವ ತನಕ ಬಾಳು ಚೀಲ ತೆಗೆಯಲಿಲ್ಲ.