ತಿರುಪಿಗೆ ಸುತ್ತಿಕೊಂಡ ಬಟ್ಟೆ

ಸೌದೆ ಸೀಳುವ ಮೆಷೀನು ಹೊಲಕ್ಕೆ ಬಂದ ದಿನ ಎಲ್ಲರೂ ಅದು ಎಷ್ಟು ಬೇಗ ಸೀಳುತ್ತದೆ ಎಂದು ನೋಡುತ್ತಿದ್ದರು. ಸಣ್ಣತಾಯಮ್ಮ ಒಬ್ಬಳು ಮಾತ್ರ ಅದು ನಿಲ್ಲುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುತ್ತಿದ್ದಳು.

ಅದು ಅರಿಶಿನ ಬೇಯಿಸುವ ಕಾಲ. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ರಸ್ತೆಯ ಎರಡೂ ಕಡೆ ಹೊಲಗಳಲ್ಲಿ ಬೆಳಗಾಗುತ್ತಲೇ ಹೊಗೆ ಏಳುತ್ತಿತ್ತು. ಶಾಂತಮಲ್ಲಪ್ಪನವರ ಹೊಲದಲ್ಲಿ ಅರಿಶಿನ ಕಿತ್ತು ರಾಶಿ ಹಾಕಿದ್ದಾಗಿತ್ತು. ಬೇಯಿಸುವ ಡ್ರಮ್ಮೂ ಬಂದು ನಿಂತಿತ್ತು. ಸೌದೆ ಮಾತ್ರ ಸಿದ್ಧವಿರಲಿಲ್ಲ. ಹಿಂದಿನ ಮಳೆಗಾಲದ ಗಾಳಿಗೆ ಬದುವಿನ ಮುದಿ ಹುಣಸೆಮರ ಉರುಳಿಬಿದ್ದಿತ್ತು, ಅದನ್ನು ಕುಯ್ದು ದಿಮ್ಮಿ ಮಾಡಿ ಬಿಟ್ಟಿದ್ದರು. ಹುಣಸೆಯ ನಾರು ನೆಟ್ಟಗೆ ಹೋಗುವುದಿಲ್ಲ. ಗಂಟು ಇರುವ ಕಡೆ ಕೊಡಲಿ ಹಾಕಿದರೆ ಕೊಡಲಿಯೇ ಚಿಮ್ಮಿ ವಾಪಸ್ಸು ಬರುತ್ತದೆ. ಸಣ್ಣತಾಯಮ್ಮನ ಗಂಡ ಪುಟ್ಟಮಾದು ನಲವತ್ತು ವರ್ಷದಿಂದ ಸೌದೆ ಸೀಳಿದವನು. ಅವನೂ ಕಬ್ಬಿಣದ ಬೆಣೆ ಇಟ್ಟು ಬಡಿದು ಬಡಿದು ಎರಡು ದಿನಕ್ಕೆ ಐದು ದಿಮ್ಮಿ ಮುಗಿಸುವಷ್ಟರಲ್ಲಿ ಸಾಕಾಗಿ ಕುಳಿತಿದ್ದ. ಇನ್ನೂ ಮೂವತ್ತು ಬಿದ್ದಿದ್ದವು.

ಶಾಂತಮಲ್ಲಪ್ಪನವರ ಮಗ ಸೋಮೇಶ್ ಮೆಷೀನು ತರಿಸಿದ್ದು ಅದಕ್ಕೇ. ಹುಡುಗ ಒಳ್ಳೆಯವನು. ಹೊಲದ ಆಳುಗಳನ್ನು ಅಣ್ಣ, ಅಕ್ಕ ಎಂದೇ ಮಾತಾಡಿಸುತ್ತಿದ್ದ. ಅರವತ್ತು ದಾಟಿದ ಮಾದಣ್ಣ ಕೊಡಲಿ ಎತ್ತುವುದನ್ನು ನೋಡಲಾಗದು ಎಂದು ಅವನು ಹೇಳಿದಾಗ ಅದು ಬಾಯಿಮಾತಾಗಿರಲಿಲ್ಲ.

ಮೆಷೀನು ಯಾವ ಕಂಪನಿಯದೂ ಅಲ್ಲ. ಯಾವುದೋ ವೆಲ್ಡಿಂಗ್ ಶೆಡ್ಡಿನಲ್ಲಿ ಕೂಡಿಸಿದ್ದು. ಟ್ರಾಕ್ಟರಿನ ಹಿಂದೆ ಒಂದು ಕಬ್ಬಿಣದ ಚೌಕಟ್ಟು. ಅದರಲ್ಲಿ ಬುಡ ತೊಡೆಯಷ್ಟು ದಪ್ಪವಾಗಿ, ಮೂತಿ ಚೂಪಾಗಿ ಇರುವ ದೊಡ್ಡ ತಿರುಪು. ಟ್ರಾಕ್ಟರಿನ ಶಾಫ್ಟು ತಿರುಗಿದರೆ ತಿರುಪೂ ತಿರುಗುತ್ತದೆ. ದಿಮ್ಮಿಯನ್ನು ಮೂತಿಗೆ ತಾಗಿಸಿದರೆ ಸಾಕು, ತಾನೇ ಒಳಕ್ಕೆ ಎಳೆದುಕೊಂಡು ಎರಡು ಹೋಳು ಮಾಡುತ್ತದೆ. ಶಾಫ್ಟಿನ ಮೇಲೆ ಮುಚ್ಚಳ ಇರಲಿಲ್ಲ. ತಿರುಪಿನ ಸುತ್ತ ತಡೆಯೂ ಇರಲಿಲ್ಲ.

ತಾನೇ ಎಳೆದುಕೊಳ್ಳುತ್ತದೆ ಎಂಬುದೇ ಸಣ್ಣತಾಯಮ್ಮನಿಗೆ ಸರಿಬರಲಿಲ್ಲ. ಕೊಡಲಿಯನ್ನು ಎತ್ತಿದರೆ ಏಳುತ್ತದೆ, ಕೈ ಬಿಟ್ಟರೆ ಬೀಳುತ್ತದೆ. ಇದು ಹಾಗಲ್ಲ. ಇದನ್ನು ನಿಲ್ಲಿಸಬೇಕಾದರೆ ಸೀಟಿನ ಮೇಲೆ ಕುಳಿತವನು ಲಿವರ್ ಎಳೆಯಬೇಕು. ಎಳೆದ ಮೇಲೂ ಅದು ತಿರುಗುತ್ತಲೇ ಇರುತ್ತಿತ್ತು. ಅವಳು ಡ್ರಮ್ಮಿನ ಹತ್ತಿರದಿಂದ ಸೌದೆ ರಾಶಿಯವರೆಗೆ ನಡೆದು ಬರುವಷ್ಟು ಹೊತ್ತು.

ಸೀಟಿನ ಮೇಲೆ ಕೂರುತ್ತಿದ್ದವನು ಶಂಕರ್ ಎಂಬ ಡ್ರೈವರು. ಮೆಷೀನೂ ಅವನದೇ. ಟೀ ಕೊಡುವಾಗ ಅವನ ಎಡಗೈಯಲ್ಲಿ ಎರಡು ಬೆರಳಿಲ್ಲದ್ದನ್ನು ಸಣ್ಣತಾಯಮ್ಮ ಕಂಡಳು. ಏನಾಯಿತೆಂದು ಕೇಳಿದ್ದಕ್ಕೆ ಅವನು ನಕ್ಕು, ದಿಮ್ಮಿ ಕಚ್ಚಿಕೊಂಡು ಗಿರ್ರನೆ ತಿರುಗಿಬಿಟ್ಟಿತೆಂದು ಹೇಳಿದ. ಅಂದಿನಿಂದ ಅವನು ಸೀಟು ಬಿಟ್ಟು ಇಳಿಯುತ್ತಿರಲಿಲ್ಲ. ದಿಮ್ಮಿ ಹಿಡಿಯುವುದು ಆಯಾ ಹೊಲದವರ ಕೆಲಸ. ಅವನು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಮೊಬೈಲು ನೋಡುತ್ತಾ ಕೂರುತ್ತಿದ್ದ.

ಕೆಲಸ ಶುರು ಮಾಡುವ ಮೊದಲು ಸೋಮೇಶ್ ಪೂಜೆ ಮಾಡಿ, ಚೌಕಟ್ಟಿಗೆ ಚೆಂಡುಹೂವಿನ ಹಾರ ಹಾಕಿದ್ದ. ಹತ್ತು ನಿಮಿಷ ಆಗಿರಲಿಲ್ಲ, ಗಾಳಿಗೆ ಹಾರದ ತುದಿ ಶಾಫ್ಟಿಗೆ ತಾಗಿತು. ಮಾರುದ್ದದ ಹಾರ ಇದ್ದಕ್ಕಿದ್ದಂತೆ ಇಲ್ಲವಾಯಿತು. ಎಲ್ಲರ ಮುಖದ ಮೇಲೂ ಹೂವಿನ ಎಸಳು ಬಂದು ಬಿದ್ದವು. ಕೆಲಸದವರು ನಕ್ಕರು. ಸಣ್ಣತಾಯಮ್ಮ ನಗಲಿಲ್ಲ. ಕೆನ್ನೆಗೆ ಅಂಟಿದ ಎಸಳು ತೆಗೆದು ಹಾಕಿ, ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಗಂಡನ ಕಡೆ ನೋಡಿದಳು. ಪುಟ್ಟಮಾದು ದಿಮ್ಮಿಯನ್ನು ಎದೆಯಿಂದ ಒತ್ತುತ್ತಾ ತಿರುಪಿನ ಮೇಲೆ ಬಗ್ಗಿದ್ದ. ಅವನ ಹೆಗಲಿನಿಂದ ಕೆಂಪಂಚಿನ ಟವಲ್ಲು ಇಳಿಬಿದ್ದಿತ್ತು.

ಸೋಮೇಶನೂ ಅದನ್ನು ನೋಡಿದ. ಹಾರ ಹೋದದ್ದು ಅವನ ಕಣ್ಣಲ್ಲೂ ಇತ್ತು. ಹತ್ತಿರ ಬಂದು, ಮೆಷೀನಿನ ಸದ್ದಿಗೆ ಕೇಳಲಿ ಎಂದು ದನಿ ಏರಿಸಿ ಹೇಳಿದ: "ಮಾದಣ್ಣ, ಹೆಗಲ ಮೇಲಿನ ಟವಲ್ಲು ತಗ್ದಿಡು."

ಪುಟ್ಟಮಾದು ದಿಮ್ಮಿ ಬಿಟ್ಟು ನೆಟ್ಟಗೆ ನಿಂತ. ಸೋಮೇಶನ ಮುಖ ನೋಡಿದ. ಆಮೇಲೆ ಟವಲ್ಲನ್ನು ಕುತ್ತಿಗೆಗೆ ಒಂದು ಸುತ್ತು ಸುತ್ತಿ, ಜಾರದಂತೆ ಗಂಟು ಹಾಕಿಕೊಂಡು, ಮತ್ತೆ ಬಗ್ಗಿದ. ಗಂಟಿನಿಂದಾಚೆಗೆ ಒಂದು ಮೊಳ ತುದಿ ಇನ್ನೂ ನೇತಾಡುತ್ತಲೇ ಇತ್ತು. ಮೊದಲಾದರೆ ಸಿಕ್ಕಿಕೊಂಡರೂ ಹೆಗಲಿನಿಂದ ಜಾರಿ ಹೋಗುತ್ತಿತ್ತು. ಈಗ ಅದು ಕುತ್ತಿಗೆಗೆ ಕಟ್ಟಿದ ಹಗ್ಗ.

ಸೋಮೇಶ್ ಇಪ್ಪತ್ತೊಂಬತ್ತು ವರ್ಷದವನು, ಅವನಿಗೆ ಗೊತ್ತಿರಲಿಲ್ಲ. ಸಣ್ಣತಾಯಮ್ಮನಿಗೆ ಗೊತ್ತಿತ್ತು. ಪುಟ್ಟಮಾದುವಿನ ಅಪ್ಪ ಈ ಊರಿನ ಮೇಲಿನ ಬೀದಿಯಲ್ಲಿ ಹೋಗುವಾಗ ಹೆಗಲ ಮೇಲಿನ ಟವಲ್ಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡೇ ಹೋಗುತ್ತಿದ್ದವನು. ಪುಟ್ಟಮಾದು ಇಪ್ಪತ್ತರ ವಯಸ್ಸಿನಲ್ಲಿ ಒಂದು ದಿನ ತೆಗೆಯದೆ ನಡೆದ. ಜಗುಲಿಯ ಮೇಲೆ ಕುಳಿತಿದ್ದ ಸೋಮೇಶನ ಅಜ್ಜ ಕರೆದು, ತಗಿಲಾ ಹೆಗಲ ಮೇಲಿಂದ ಎಂದರು. ಪಕ್ಕದಲ್ಲಿ ಶಾಂತಮಲ್ಲಪ್ಪ ನಿಂತಿದ್ದರು, ಆಗಿನ್ನೂ ಮೀಸೆ ಮೂಡುವ ವಯಸ್ಸು. ಪುಟ್ಟಮಾದು ತೆಗೆಯಲಿಲ್ಲ. ಎರಡು ತಿಂಗಳು ಯಾರ ಹೊಲಕ್ಕೂ ಅವನನ್ನು ಕರೆಯಲಿಲ್ಲ. ಆಗಲೂ ತೆಗೆಯಲಿಲ್ಲ. ಕಾಲ ಬದಲಾಯಿತು, ಅಜ್ಜ ಹೋದರು, ಈಗ ಟವಲ್ಲಿನ ಮಾತು ಊರಲ್ಲಿ ಯಾರೂ ಎತ್ತುವುದಿಲ್ಲ. ಟವಲ್ಲು ಮಾತ್ರ ಅವನ ಹೆಗಲಿನಿಂದ ಇಳಿದಿರಲಿಲ್ಲ. ಈಗಿನದು ಮಗಳು ಶಾಂತಿ ಬದನಗುಪ್ಪೆಯ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ ತಿಂಗಳು ತಂದುಕೊಟ್ಟದ್ದು. ಕೈಯಲ್ಲಿ ಹಿಡಿದು ಎಷ್ಟು ಜಗ್ಗಿದರೂ ನೂಲು ಬಿಡದಂಥ ಗಟ್ಟಿ ಬಟ್ಟೆ.

ಆ ಸಂಜೆ ಊಟಕ್ಕೆ ಕುಳಿತಾಗ ಸಣ್ಣತಾಯಮ್ಮ ಮಾತು ತೆಗೆದಳು. ಶಾಂತಿ ಹೇಳಿದ್ದನ್ನು ನೆನಪಿಸಿದಳು. ಕಾರ್ಖಾನೆಯ ಗೇಟಿನಲ್ಲೇ ಹೆಣ್ಣುಮಕ್ಕಳ ವೇಲು, ಬಳೆ ಎಲ್ಲ ತೆಗೆಸುತ್ತಾರಂತೆ, ಜಡೆ ಎತ್ತಿ ಕಟ್ಟಿ ಟೋಪಿ ಹಾಕಿಸುತ್ತಾರಂತೆ, ಇಲ್ಲದಿದ್ದರೆ ಮೆಷೀನಿನ ಹತ್ತಿರಕ್ಕೂ ಬಿಡುವುದಿಲ್ಲವಂತೆ.

"ನಮ್ಮಪ್ಪ ಸಾಯೋಗಂಟ ತಗ್ದ. ಅಷ್ಟು ಸಾಕು," ಎಂದ ಪುಟ್ಟಮಾದು.

"ಅದು ಜನಕ್ಕ ಕಣಾ. ಇದು ಮೆಷೀನು. ಅದ್ಕೇನು ಜಾತಿ ಗೊತ್ತದಾ?"

"ಮೆಷೀನ್ಗ ಗೊತ್ತಿಲ್ಲ ಬುಡು. ಹೇಳ್ದವ್ರ್ಗ ಗೊತ್ತದಲ್ಲಾ." ಅವನು ಮುದ್ದೆ ಮುರಿದ ಕೈಯನ್ನು ಹಾಗೇ ಹಿಡಿದುಕೊಂಡ. "ಶಾಂತಿ ಫ್ಯಾಕ್ಟ್ರೀಲಿ ಮ್ಯಾನೇಜರ್ದೂ ತಗಿಸ್ತಾರ. ಇಲ್ಲಿ ಸೋಮೇಶಪ್ಪನ ಹೆಗಲ ಮ್ಯಾಲೂ ಒಂದು ಟವಲ್ಲಿತ್ತು ಕಣಮ್ಮಿ. ಅವ ತಗದ್ನಾ?"

ಸಣ್ಣತಾಯಮ್ಮ ಸೋಮೇಶನ ಹೆಗಲನ್ನು ನೆನೆದುಕೊಂಡಳು. ಮಾತು ನಿಜವಾಗಿತ್ತು. ಸೋಮೇಶನ ತಾಯಿ ಗಂಗಾಂಬಿಕೆಯ ಕಿವಿಗೆ ಹಾಕೋಣವೆಂದು ಒಂದು ಗಳಿಗೆ ಅಂದುಕೊಂಡಳು. ಹಾಕಿದರೆ ಆ ಮನೆಯಿಂದ ಇನ್ನೊಂದು ಸಲ ಮಾತು ಬರುತ್ತದೆ, ಇವನು ಇನ್ನೊಂದು ಗಂಟು ಹಾಕುತ್ತಾನೆ ಎಂದು ಸುಮ್ಮನಾದಳು.

ಬೆಳಗ್ಗೆ ಅವನು ಮುಖ ತೊಳೆಯಲು ಹೋದಾಗ ಕೆಂಪಂಚಿನ ಟವಲ್ಲನ್ನು ತೆಗೆದು ಸೋಪಿನ ನೀರಿಗೆ ಅದ್ದಿಬಿಟ್ಟಳು. ಒಲೆಯ ಮೇಲಿನ ಪಾತ್ರೆ ಇಳಿಸಲು ಇಟ್ಟುಕೊಂಡಿದ್ದ ಹಳೆಯ ಬಿಳಿ ಟವಲ್ಲೊಂದಿತ್ತು, ಬೆಳಕಿಗೆ ಹಿಡಿದರೆ ಆಚೆಗೆ ಕಾಣುವಷ್ಟು ಸವೆದದ್ದು. ಅದನ್ನು ಜಗ್ಗಿ ನೋಡಿದಳು. ನಡುವೆ ಜಾಳಾಗಿತ್ತು, ಆದರೆ ಅಂಚು ಇನ್ನೂ ಗಟ್ಟಿ. ಬಟ್ಟೆ ಹರಿದವರಿಗೆಲ್ಲ ಗೊತ್ತು, ಅಂಚಿಗೆ ಒಂದು ಕಚ್ಚು ಬೀಳದೆ ಬಟ್ಟೆ ಹರಿಯುವುದಿಲ್ಲ. ಕುಡುಗೋಲು ತಂದು ಎರಡೂ ಅಂಚಿನಲ್ಲಿ ನಾಲ್ಕು ಕಡೆ ಸಣ್ಣಗೆ ಕಚ್ಚು ಹಾಕಿದಳು. ಮಡಚಿ ಅವನ ಕೈಗೆ ಕೊಟ್ಟಳು.

"ಇದ್ಯಾಕ?" ಎಂದು ಕೇಳಿದ. ಅದು ಗಬ್ಬು ನಾರುತ್ತಿತ್ತು, ನೆನೆಹಾಕಿದ್ದೇನೆ ಎಂದಳು. ಅವನು ಗೊಣಗಿಕೊಂಡು ಹೆಗಲಿಗೆ ಹಾಕಿಕೊಂಡ. ಹೊಲ ಮುಟ್ಟುವಷ್ಟರಲ್ಲಿ ಅದೂ ಕುತ್ತಿಗೆಗೆ ಸುತ್ತಿ ಗಂಟಾಗಿತ್ತು.

ಅಂದು ಗಾಳಿ ಜೋರಾಗಿತ್ತು. ಡ್ರಮ್ಮಿನ ಹೊಗೆ ನೆಲಕ್ಕೇ ಮಲಗಿ ಹರಿಯುತ್ತಿತ್ತು. ಸಣ್ಣತಾಯಮ್ಮ ಉರಿಗೆ ಸೌದೆ ಹಾಕುತ್ತಿದ್ದಳು, ಆದರೆ ಬೆನ್ನನ್ನು ಒಲೆಯ ಕಡೆಗೇ ಇಟ್ಟುಕೊಂಡು ಗಂಡನ ಮೇಲಿನ ಕಣ್ಣು ತೆಗೆಯಲಿಲ್ಲ. ಒಂದು ದಿಮ್ಮಿ ಮುಗಿಯಿತು, ಎರಡು ಮುಗಿಯಿತು, ಹತ್ತು ಮುಗಿಯಿತು. ಹನ್ನೊಂದನೆಯದು ಮರದ ಬುಡದ ಭಾಗ, ಪೂರಾ ಗಂಟು. ತಿರುಪು ಅದನ್ನು ಅರ್ಧ ಹೊಕ್ಕು ಕಿರುಗುಟ್ಟತೊಡಗಿತು. ಪುಟ್ಟಮಾದು ಅದು ತಿರುಗದಂತೆ ಎರಡೂ ಕೈಯಿಂದ ತಬ್ಬಿ, ಎದೆ ಕೊಟ್ಟು ಒತ್ತಿದ.

ಟವಲ್ಲಿನ ತುದಿ ಗಾಳಿಗೆ ಒಂದು ಸಲ ಎದ್ದಿತು. ಬಿದ್ದಿತು. ಮತ್ತೆ ಎದ್ದಾಗ ಅದು ಬೀಳಲಿಲ್ಲ.

ಸಣ್ಣತಾಯಮ್ಮ ಕಂಡದ್ದು ಇಷ್ಟು: ಗಂಡನ ತಲೆ ಯಾರೋ ಕಿವಿ ಹಿಡಿದು ಎಳೆದಂತೆ ದಿಮ್ಮಿಯ ಮೇಲಕ್ಕೆ ಹೋಯಿತು. ಅವನ ಗದ್ದ ಮರಕ್ಕೆ ಬಡಿಯಿತು. ಕೆನ್ನೆಗೂ ತಿರುಪಿಗೂ ನಡುವೆ ಒಂದು ಗೇಣು ಉಳಿಯಿತು, ಆಮೇಲೆ ನಾಲ್ಕು ಬೆರಳು. ಆಗ ಪರ್ರನೆ ಒಂದು ಸದ್ದಾಯಿತು. ಪುಟ್ಟಮಾದು ಹಿಂದಕ್ಕೆ ಅಂಗಾತ ಬಿದ್ದ.

ಮೆಷೀನು ಓಡುತ್ತಲೇ ಇತ್ತು. ತಿರುಪಿನ ಬುಡಕ್ಕೆ ಸುತ್ತಿಕೊಂಡ ಬಟ್ಟೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಶಂಕರ್ ತಲೆ ಬಗ್ಗಿಸಿ ಮೊಬೈಲು ನೋಡುತ್ತಿದ್ದ. ಕೂಗಿದರೆ ಅವನಿಗೆ ಕೇಳುವುದಿಲ್ಲವೆಂದು ಅವಳಿಗೆ ನಿನ್ನೆಯೇ ಗೊತ್ತಿತ್ತು. ಒಂದು ಮಣ್ಣಿನ ಹೆಂಟೆ ಎತ್ತಿ ಅವನ ಬೆನ್ನಿಗೆ ಬೀಸಿ ಒಗೆದಳು. ಅವನು ತಿರುಗಿ ನೋಡಿ ಲಿವರ್ ಎಳೆದ. ಅವಳು ಓಡಿ ಬಂದು ಗಂಡನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ ಮೇಲೂ ತಿರುಪು ತಿರುಗುತ್ತಿತ್ತು.

ಪುಟ್ಟಮಾದು ಕಣ್ಣು ಬಿಟ್ಟ. ಕುತ್ತಿಗೆಯ ಸುತ್ತ ನೇಣು ಬಿಗಿದಂತೆ ಕೆಂಪಗೆ ಬರೆ ಎದ್ದಿತ್ತು, ಗದ್ದದಿಂದ ರಕ್ತ ಬರುತ್ತಿತ್ತು. ಅವನ ಕೈ ಮೊದಲು ಹೋದದ್ದು ಹೆಗಲಿಗೆ. ಕುತ್ತಿಗೆಯಲ್ಲಿ ಗಂಟಿನ ಸಮೇತ ಒಂದು ಗೇಣು ಬಟ್ಟೆ ಉಳಿದಿತ್ತು. ಅದನ್ನು ಬಿಚ್ಚಿ ಕಣ್ಣಿನ ಹತ್ತಿರ ಹಿಡಿದು ನೋಡಿದ. ಬಟ್ಟೆ ಹರಿದ ಕಡೆಯೆಲ್ಲ ನೂಲು ಎದ್ದಿತ್ತು. ಅಂಚಿನ ಹತ್ತಿರ ಮಾತ್ರ ನೂಲಿರಲಿಲ್ಲ, ಕೊಯ್ದಂತೆ ನೇರವಾಗಿತ್ತು. ಅವನು ಹೆಂಡತಿಯ ಮುಖ ನೋಡಿದ.

ಸೋಮೇಶ್ ಆಸ್ಪತ್ರೆಗೆ ಹೋಗೋಣವೆಂದು ಬೈಕು ತಂದ. ಗುಂಡ್ಲುಪೇಟೆಯಲ್ಲಿ ಗದ್ದಕ್ಕೆ ಮೂರು ಹೊಲಿಗೆ ಹಾಕಿಸಿ, ಪುಟ್ಟಮಾದುವನ್ನು ಮನೆಗೆ ಬಿಟ್ಟು, ತಾನು ಊಟಕ್ಕೆ ಹೋದ. ಮಾದಣ್ಣ ಯಾಕೆ ಟವಲ್ಲು ತೆಗೆಯಲಿಲ್ಲವೆಂದು ಅಪ್ಪನನ್ನು ಕೇಳಿದನಂತೆ. ಶಾಂತಮಲ್ಲಪ್ಪ ಏನು ಹೇಳಿದರೋ ತಿಳಿಯದು. ಸೋಮೇಶ್ ಅರ್ಧ ಊಟದಲ್ಲೇ ಎದ್ದು ಹೊಲಕ್ಕೆ ಬಂದ. ಬಂದವನು ತನ್ನ ಹೆಗಲ ಮೇಲಿನ ಟವಲ್ಲು ತೆಗೆದು ಬೇವಿನ ಕೊಂಬೆಗೆ ಹಾಕಿ, ಶರ್ಟಿನ ತೋಳು ಮಡಚಿ, ತಾನೇ ದಿಮ್ಮಿ ಹಿಡಿಯಲು ನಿಂತ. ಸಣ್ಣತಾಯಮ್ಮ ಅಷ್ಟಕ್ಕೇ ಬಿಡಲಿಲ್ಲ. ಶಂಕರನ ಇಯರ್‌ಫೋನು ಕಿತ್ತು ಕೈಗೆ ತೆಗೆದುಕೊಂಡಳು. ಕೆಲಸ ಮುಗಿಯುವತನಕ ಕೈ ಲಿವರಿನ ಮೇಲೇ ಇರಬೇಕೆಂದಳು. ದಿಮ್ಮಿಯನ್ನು ಎದೆಯಿಂದ ಒತ್ತುವುದು ಬೇಡ, ಬಿದಿರು ಗಳದಿಂದ ಒತ್ತಿ ಎಂದಳು. ಸೋಮೇಶ್ ತಲೆಯಾಡಿಸಿದ.

ಮಾರನೆಯ ದಿನ ಗದ್ದಕ್ಕೆ ಪಟ್ಟಿ ಹಾಕಿಕೊಂಡೇ ಪುಟ್ಟಮಾದು ಬಂದ. ಕೆಂಪಂಚಿನ ಟವಲ್ಲು ಒಣಗಿ ಹೆಗಲ ಮೇಲೆ ಕುಳಿತಿತ್ತು. ಬೇವಿನ ಕೊಂಬೆಯ ಮೇಲೆ ಸೋಮೇಶನದು ಇರುವುದನ್ನು ನೋಡುತ್ತಾ ಒಂದು ಬೀಡಿ ಸೇದುವಷ್ಟು ಹೊತ್ತು ನಿಂತ. ಆಮೇಲೆ ತನ್ನದನ್ನೂ ತೆಗೆದು ಅದರ ಪಕ್ಕಕ್ಕೆ ಹಾಕಿದ. ಹೆಂಡತಿಯ ಹತ್ತಿರ ಹಾದುಹೋಗುವಾಗ ಇಷ್ಟೇ ಅಂದ: "ಕುಡ್ಲು ಚೂಪಾಗೇ ಅದ ಕಣಮ್ಮಿ."

ಸಂಜೆಗೆ ದಿಮ್ಮಿಗಳೆಲ್ಲ ಮುಗಿದವು. ಮೆಷೀನು ಮುಂದೆ ಚಂದಕವಾಡಿಯ ಕಡೆ ಹೋಗಬೇಕಿತ್ತು. ಶಂಕರ್ ಚಾಕು ತಂದು ತಿರುಪಿನ ಬುಡದ ಬಟ್ಟೆ ಕೀಳಲು ಕುಳಿತ. ಅದು ಕಬ್ಬಿಣಕ್ಕೆ ಬೆಸೆದಂತೆ ಸುತ್ತಿಕೊಂಡಿತ್ತು.

"ಬುಡಪ್ಪ, ಅದ ಕೀಳ್ಬ್ಯಾಡ," ಎಂದಳು ಸಣ್ಣತಾಯಮ್ಮ. "ಅಲ್ಲೂ ಜನ ನೋಡ್ಲಿ. ಕೇಳ್ದವ್ರ್ಗ ಏನಾಯ್ತು ಅಂತ ಹೇಳು."

ಕಿತ್ತು ಕಿತ್ತು ಅವನಿಗೂ ಬೇಸರವಾಗಿತ್ತು. ಚಾಕು ಒಳಗಿಟ್ಟು, ಇಯರ್‌ಫೋನು ಇಸಿದುಕೊಂಡು ಹೊರಟ.

ಮೂರು ವಾರ ಕಳೆದಿತ್ತು. ಅರಿಶಿನ ಬೆಂದು, ಒಣಗಿ, ಚೀಲ ಸೇರಿತ್ತು. ಒಂದು ಭಾನುವಾರ ಗಂಡ ಹೆಂಡತಿ ಮಗಳನ್ನು ನೋಡಿಬರಲು ಬಸ್ಸಿಗೆ ಕಾಯುತ್ತಾ ರಸ್ತೆ ಬದಿ ನಿಂತಿದ್ದರು. ಚಾಮರಾಜನಗರದ ಕಡೆಯಿಂದ ಟ್ರಾಕ್ಟರೊಂದು ಬಂತು. ಹಿಂದಿನ ಚೌಕಟ್ಟು ನೋಡಿಯೇ ಸಣ್ಣತಾಯಮ್ಮನಿಗೆ ಗುರುತು ಸಿಕ್ಕಿತು. ಕೈ ಎತ್ತಿದಳು. ಶಂಕರ್ ಅವಳನ್ನು ಕಂಡ. ಕಂಡು, ಕಣ್ಣನ್ನು ರಸ್ತೆಗೆ ನೆಟ್ಟು, ವೇಗ ಹೆಚ್ಚಿಸಿದ.

ಟ್ರಾಕ್ಟರು ಮುಂದೆ ಹಾದಾಗ ತಿರುಪು ಅವರ ಕಡೆಗೆ ಬಂತು. ಬುಡದಲ್ಲಿ ಅವಳ ಬಿಳಿ ಬಟ್ಟೆ ಹಾಗೇ ಇತ್ತು, ಗ್ರೀಸು ಹತ್ತಿ ಕಪ್ಪಾಗಿತ್ತು. ಅದರ ಮೇಲೆ ಇನ್ನೊಂದು ಬಟ್ಟೆ ಬಿಗಿಯಾಗಿ ಸುತ್ತಿಕೊಂಡಿತ್ತು. ಹಸಿರು ಸೀರೆಯದು, ಹಳದಿ ಹೂವಿನದು.

ಪುಟ್ಟಮಾದು ಹೆಗಲ ಮೇಲಿನ ಟವಲ್ಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ಸಣ್ಣತಾಯಮ್ಮ ಎತ್ತಿದ ಕೈಯನ್ನು ಇಳಿಸುವುದು ಮರೆತಳು. ತಿರುಪು ತಿರುಗುತ್ತಿರಲಿಲ್ಲ. ಹಸಿರು ಸೆರಗಿನ ಚೂರು ಮಾತ್ರ, ಟ್ರಾಕ್ಟರು ತಿರುವಿನಲ್ಲಿ ಮರೆಯಾಗುವತನಕ, ಗಾಳಿಗೆ ಹೊಡೆದುಕೊಳ್ಳುತ್ತಿತ್ತು.