ಸಾಮರಸ್ಯದ ಗಿಡಕ್ಕೆ ಇಪ್ಪತ್ತು ಲೀಟರ್

ಇಪ್ಪತ್ತು ಸೆಕೆಂಡು ಕೈ ತೊಳೀರಿ ಅಂತ ರೇಡಿಯೋ ಬಡ್ಕೋತಾನೇ ಇತ್ತು. ವಿನ್ನಿ ಅಜ್ಜಿ ಎರಡು ಕ್ಯಾನ್ ಹಿಡ್ಕೊಂಡು ಒಂದು ಮೈಲಿ ಆಚೆಯ ಪೆಟ್ರೋಲ್ ಬಂಕಿಗೆ ನಡೀತಿದ್ಲು. ಗಾಲಿ ಮೇಲಿನ ಮನೆಗಳಂಥ ಆರು ಕ್ಯಾರವಾನ್, ಮೂವತ್ತೊಂದು ಜನ, ಒಂದೂ ನಲ್ಲಿ ಇಲ್ಲ. ಅಜ್ಜಿಯ ಗಂಡನಿಗೆ ಉಬ್ಬಸ. ಕೊರೋನಾ ಬಂದ್ರೆ ಆ ತಾತನ ಕಥೆ ಮುಗೀತು.

ಅವರು ಟ್ರಾವೆಲರ್ ಜನ, ಐರ್ಲೆಂಡಿನ ಹಳೇ ಅಲೆಮಾರಿಗಳು. ಸ್ವೋರ್ಡ್ಸ್ ಅನ್ನೋ ಊರಿನ ಆಚೆ ನಮ್ಮ ಕಾಲೇಜಿನ ಗೋಡೆಗೆ ಅಂಟಿಕೊಂಡೇ ಇದ್ರು. ನಾನು ನೀಲಮ್ಮ. ಅಲ್ಲೇ ಎಂ.ಎಸ್ಸಿ. ಓದ್ತಾ, ಕಾಲೇಜಿನ ತೋಟದಲ್ಲಿ ಪಾರ್ಟ್ ಟೈಮ್ ದುಡೀತಿದ್ದೆ. ನಾನೂ ಅಲೆಮಾರಿಗಳ ಮಗಳೇ ಕಣ್ರೀ. ಹಿರಿಯೂರು ಕಡೆ ಟೆಂಟ್ ಹಾಕಿದಾಗ ನೀರು ಕೊಡದೆ ಓಡಿಸಿದವರ ಮುಖ ನನಗೆ ಚೆನ್ನಾಗಿ ಗೊತ್ತು. ಇಲ್ಲಿ ಆ ಮುಖಕ್ಕೆ ಮಾಸ್ಕ್ ಇತ್ತು, ಅಷ್ಟೇ.

"ಗೋಡೆ ಮೇಲಿಂದ ಒಂದು ಪೈಪ್ ಬಿಟ್ರೆ ಆಯ್ತಲ್ಲ?" ತೋಟದ ಮ್ಯಾನೇಜರ್ ಡೆಕ್ಲನ್‌ನ ಕೇಳಿದೆ.

"ಇನ್ಶೂರೆನ್ಸ್ ಒಪ್ಪಲ್ಲ ನೀಲಾ."

"ಕೈ ತೊಳೆಯೋಕೂ ಇನ್ಶೂರೆನ್ಸಾ?"

"ರೂಲ್ಸು."

ಅದೇ ವಾರ ಡೀನ್ ಮೇಡಂಗೆ ಪಶ್ಚಾತ್ತಾಪ ಉಕ್ಕಿ ಬಂತು. ಇಷ್ಟು ವರ್ಷ ಟ್ರಾವೆಲರ್ ಜನಕ್ಕೆ ಕಾಲೇಜಿಂದ ಅನ್ಯಾಯ ಆಗಿದೆ, ಇನ್ಮೇಲೆ ಸಾಮರಸ್ಯ ಅಂದ್ರು. ಏನು ಮಾಡಿದ್ರು ಅಂತೀರಿ? ಒಂದು ಗಿಡ ನೆಟ್ರು! ಬುಡದಲ್ಲಿ ಹಿತ್ತಾಳೆ ಫಲಕ. ಝೂಮಲ್ಲಿ ನಾನೂರು ಜನ. ಅಜ್ಜಿ ಗೋಡೆ ಆಚೆಯಿಂದ ನನ್ನ ಫೋನಲ್ಲಿ ಮುಖ ತೋರಿಸಿದ್ಲು.

"ವಿನಿಫ್ರೆಡ್, ಈ ಗಿಡ ಇವತ್ತಿಂದ ನಿಮ್ಮ ಜನರದ್ದು," ಅಂದ್ರು ಮೇಡಂ ಕಣ್ಣೊರಸಿಕೊಂಡು, ವಿನ್ನಿ ಅಜ್ಜಿಯ ಪೂರ್ತಿ ಹೆಸರು ಹಿಡಿದು. "ಇದಕ್ಕೆ ಒಂದು ದಿನವೂ ನೀರು ತಪ್ಪಲ್ಲ. ಇದು ಕಾಲೇಜಿನ ಮಾತು."

"ನಮ್ಮದಾ?"

"ಪೂರ್ತಿ ನಿಮ್ಮದೇ."

"ಗ್ರಾಂಡ್," ಅಂದ್ಲು ಅಜ್ಜಿ. ಸರಿ, ಆಯ್ತು ಅನ್ನೋಕೆ ಇಲ್ಲಿಯವರು ಹಾಗೇ ಅನ್ನೋದು.

ದಿನಾ ಇಪ್ಪತ್ತು ಲೀಟರ್ ಕುಡಿಸೋ ಕೆಲಸ ನನ್ನ ಪಾಲಿಗೆ ಬಂತು. ಅಜ್ಜಿ ಖಾಲಿ ಕ್ಯಾನ್ ಹಿಡ್ಕೊಂಡು ನೋಡ್ತಾ ನಿಂತಿರೋಳು. ನನಗೆ ಮೈಯೆಲ್ಲ ಉರಿದುಹೋಗ್ತಿತ್ತು. ಮೂರನೇ ದಿನ ಆ ಪೈಪು, ಪಾಪ, ಹೇಗೋ ಏನೋ, ಗೋಡೆ ಹಾರಿಬಿಡ್ತು. ಆರು ಕ್ಯಾರವಾನಿನ ಬಕೆಟ್ಟೂ ತುಂಬಿದ್ವು. ತಾತ ಸೋಪ್ ಹಚ್ಚಿ ಹಚ್ಚಿ ಇಪ್ಪತ್ತಲ್ಲ, ಇನ್ನೂರು ಸೆಕೆಂಡು ಕೈ ತೊಳೆದ.

ಡೆಕ್ಲನ್ ಅದನ್ನ ಸಿಸಿಟಿವಿಯಲ್ಲಿ ನೋಡಿದ. ಓಡಿ ಬಂದು ನಲ್ಲಿಗೆ ಬೀಗ ಜಡಿದು, ಬೀಗದ ಕೈ ಜೇಬಿಗೆ ಇಳಿಸಿದ.

"ಈ ನೀರು ಗಿಡಕ್ಕೆ ಮಾತ್ರ! ಇನ್ನೊಂದ್ಸಲ ಹೀಗಾದ್ರೆ ನಿನ್ನ ಕೆಲಸ ಹೋಗುತ್ತೆ."

ಅವನು ಹೋದ ಮೇಲೆ ಅಜ್ಜಿ ಗೋಡೆ ಮೇಲೆ ಮೊಣಕೈ ಊರಿದ್ಲು. "ನಾನೂ ನಾಲ್ಕು ಎಲೆ ಬಿಟ್ಟಿದ್ರೆ ನನಗೂ ನೀರು ಸಿಗ್ತಿತ್ತು ನೋಡು ಮಗಳೇ. ಗಿಡ ಯಾರದ್ದು ಅಂದ್ರು?"

"ನಿಮ್ಮದೇ ಅಜ್ಜಿ. ನಾನೂರು ಜನ ಕೇಳಿಸ್ಕೊಂಡಿದ್ದಾರೆ."

"ನಿನ್ನ ಹತ್ರ ಗುದ್ದಲಿ ಐತಾ?"

ನನಗೆ ನಗು ತಡೆಯೋಕಾಗಲಿಲ್ಲ. ಗುದ್ದಲಿ ಕೊಟ್ಟೆ.

ಸೋಮವಾರ ಡೆಕ್ಲನ್ ಬಂದು ನೋಡ್ತಾನೆ, ಗಿಡ ಇದ್ದ ಜಾಗದಲ್ಲಿ ಗುಂಡಿ! ಗೋಡೆ ಆಚೆ, ಅಜ್ಜಿಯ ಬಾಗಿಲ ಮುಂದೆ, ಗಿಡ ಆರಾಮಾಗಿ ನಿಂತಿತ್ತು. ಫಲಕವೂ ಜೊತೆಗೇ ಹೋಗಿತ್ತು. ಅಲ್ಲಿಂದ ಕಾಲೇಜಿನ ಗೇಟಿನವರೆಗೂ ಮೂವತ್ತೊಂದು ಜನ ಬಕೆಟ್ ಹಿಡಿದು ನಿಂತಿದ್ರು. ಎಲ್ಲರಿಗೂ ಮಾಸ್ಕ್. ಒಬ್ಬರಿಂದ ಒಬ್ಬರಿಗೆ ಸರಿಯಾಗಿ ಎರಡು ಮೀಟರ್.

"ನಮ್ಮ ಗಿಡಾನ ಮನೆಗೆ ಕರ್ಕೊಂಡು ಬಂದ್ವಿ," ಅಂದ್ಲು ಅಜ್ಜಿ. "ಕಾಲೇಜು ಮಾತು ಕೊಟ್ಟ ನೀರು ಎಲ್ಲಿ?"

ಡೆಕ್ಲನ್ ಮೇಡಂಗೆ ಫೋನ್ ಹಚ್ಚಿದ. ನಾನೂರು ಜನ ಕೇಳಿಸ್ಕೊಂಡಿದ್ದಾರಲ್ಲ ಅಂತಷ್ಟೇ ಅಂದು ಮೇಡಂ ಫೋನ್ ಇಟ್ಟುಬಿಟ್ರು. ಅವನು ಕೆಂಪಗಾಗಿ ನನ್ನ ಕಡೆ ತಿರುಗಿದ.

"ಗುದ್ದಲಿ ಕೊಟ್ಟಿದ್ದು ಯಾರು?"

"ನಾನೇ," ಅಂದೆ, ಕೈ ಚಾಚಿ. "ಬೀಗದ ಕೈ ಕೊಡಿ. ಗಿಡಕ್ಕೆ ನೀರು ಹಾಕೋ ಹೊತ್ತಾಯ್ತು."