ಹಗ್ಗ ಕಟ್ಟಿದ ಹಡಗು

ಎಡಗಾಲಿಗೆ ಕಾಲುಚೀಲ ಹಾಕಿ ಆಗಿತ್ತು. ಬಲಗಾಲಿನದು ಸಿಗಲಿಲ್ಲ. ಬೇಕರಿಯಮ್ಮ ಮಂಚದ ಕೆಳಗೆ ಬಗ್ಗಿ ನೋಡಿದಳು, ಬೀರು ಜಾಲಾಡಿದಳು, ಒಗೆಯುವ ಬಟ್ಟೆಯ ಬುಟ್ಟಿಯನ್ನು ನೆಲಕ್ಕೆ ಸುರಿದಳು. ಬೂದು ಉಣ್ಣೆಯದು, ಮೇಲಂಚಿಗೆ ನೀಲಿ ಪಟ್ಟೆ, ಅವಳೇ ಹೆಣೆದದ್ದು. ಒಂದು ಇದೆ, ಇನ್ನೊಂದು ಇಲ್ಲ.

ನಡುಮನೆಯಲ್ಲಿ ಗಂಡ ಬಿಳಿ ಹೊದಿಕೆಯಡಿ ಅಂಗಾತ ಮಲಗಿದ್ದ. ನಿನ್ನೆ ಹಿಟ್ಟು ನಾದುತ್ತಿದ್ದವನು ಎದೆ ಹಿಡಿದುಕೊಂಡು ಕೂತ, ಅಷ್ಟೇ. ಉಗುರಿನ ಸಂದಿಯಲ್ಲಿ ಇನ್ನೂ ಹಿಟ್ಟಿತ್ತು.

“ಹೋಗೋನಿಗೆ ಸಾಕ್ಸ್ ಯಾಕೆ?” ಎಂದಳು ಗಂಡನ ಅಕ್ಕ, ಬಾಗಿಲಿಗೆ ಒರಗಿ. ಅತ್ತು ಅತ್ತು ಅವಳ ದನಿ ಕೂತುಹೋಗಿತ್ತು. ಆದರೂ ತಪ್ಪು ಹುಡುಕುವುದಕ್ಕೆ ಬೇಕಾದಷ್ಟು ಉಳಿಸಿಕೊಂಡಿದ್ದಳು.

“ಅವರಿಗೆ ಕಾಲು ತಣ್ಣಗಾಗುತ್ತೆ, ಅಕ್ಕ.”

ಹೇಳಿದ ಮೇಲೆ ಏನು ಹೇಳಿದೆನೆಂದು ಅವಳಿಗೇ ಹೊಳೆಯಿತು. ಕೊನೆಗೆ ಕಂದು ಬಣ್ಣದ್ದೊಂದು ಕೈಗೆ ಸಿಕ್ಕಿತು. ಬದುಕಿದ್ದಾಗ ಎಷ್ಟೋ ದಿನ ಒಂದೊಂದು ಕಾಲಿಗೆ ಒಂದೊಂದು ಬಣ್ಣ ಹಾಕಿಕೊಂಡು ಓಡಾಡಿದ ಮನುಷ್ಯ, ಈಗೇನು ಮರ್ಯಾದೆ ಹೋಗುವುದಿಲ್ಲ ಎಂದುಕೊಂಡು ಅದನ್ನೇ ಏರಿಸಿದಳು.

ಮಗಳು ಒಳಗೆ ಬಂದಳು. “ಅಮ್ಮ, ಸೋಮವಾರದವರು ಬಂದ್ರು.”

ಬೇಕರಿಯಮ್ಮ ಮಗಳ ಕೈ ಹಿಡಿದು ಅಡಿಗೆಮನೆಗೆ ಎಳೆದುಕೊಂಡು ಹೋದಳು. “ನೋಡು, ಅಪ್ಪನ ಕಣ್ಣಿನ ವಿಷಯ ಅವರ ಮುಂದೆ ಎತ್ತಬೇಡ.”

“ಇನ್ನೂನಾ? ಇನ್ನು ಯಾರಿಗೋಸ್ಕರ ಮುಚ್ಚಿಡ್ತೀಯಮ್ಮ?”

“ಬೇಕಾದ್ರೆ ನಾಳೆ ಬೀದೀಲಿ ಡಂಗುರ ಹೊಡಿ. ಆ ಮೂರು ಜನಕ್ಕೆ ಮಾತ್ರ ಬೇಡ. ನಾನು ಮಾತು ಕೊಟ್ಟಿದ್ದೀನಿ.”

*

ಸೋಮವಾರ ಬೇಕರಿಗೆ ರಜೆ. ಅಂದು ಮಧ್ಯಾಹ್ನ ಹಿಂದಿನ ಕೋಣೆಯಲ್ಲಿ, ಒಲೆಯ ಉಳಿದ ಕಾವಿಗೆ ಬೆನ್ನು ಕೊಟ್ಟು, ಹಿಟ್ಟಿನ ಮೂಟೆಗಳ ಮೇಲೆ ನಾಲ್ವರು ಕೂರುತ್ತಿದ್ದರು. ಬಸ್ ಡ್ರೈವರ್, ಆಸ್ಪತ್ರೆಯ ನರ್ಸು, ತಗಡಿನ ಕೆಲಸದವನು, ಬೇಕರಿಯವನು. ಬೇರೆ ಬೇರೆ ದಿಕ್ಕಿನ ಜನ, ಆದರೆ ನಾಲ್ವರಿಗೂ ಸಿನಿಮಾ ಹುಚ್ಚು. ಅದರಲ್ಲೂ ಆಕಾಶದಲ್ಲಿ ಹಡಗು ಹಾರುವ ಸಿನಿಮಾ ಎಂದರೆ ಊಟ ಬೇಡ, ನಿದ್ದೆ ಬೇಡ. ಆ ವಾರ ನೋಡಿದ್ದನ್ನು ಒಬ್ಬೊಬ್ಬರೂ ಹೇಳಬೇಕು, ಆಮೇಲೆ ಯಾರ ಹಡಗು ಮೇಲು ಎಂದು ಜಗಳ.

ಡ್ರೈವರನಿಗೆ ಸಾಮಾನು ಸಾಗಿಸುವ ದೊಡ್ಡ ಹಡಗೇ ಆಗಬೇಕು. ಅದು ಕಿರುಗುಟ್ಟಬೇಕು, ತಿರುವಿನಲ್ಲಿ ಮುಲುಗಬೇಕು. ನರ್ಸಿಗೆ ಬೆಳ್ಳಗೆ ತೊಳೆದಿಟ್ಟಂಥದ್ದು, ಪ್ರಯಾಣಿಕರೆಲ್ಲ ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ನಿದ್ದೆ ಹೋಗಿರುವಂಥದ್ದು. “ರಾತ್ರಿಯೆಲ್ಲ ಒಬ್ಬರಾದ್ರೂ ಬೆಲ್ ಒತ್ತಲ್ಲ ನೋಡಿ,” ಎಂಬುದು ಅವಳ ವಾದ. ತಗಡಿನವನಿಗೆ ಮೈತುಂಬ ತೇಪೆ ಬಿದ್ದ ಹಡಗು. ಜಗಳ ಜೋರಾದಾಗ ಬ್ರೆಡ್ಡಿನ ತಟ್ಟೆ ಬಡಿದು ನಿಲ್ಲಿಸುತ್ತಿದ್ದವನು ಬೇಕರಿಯವನು. ಅದಕ್ಕೇ ಅವನಿಗೆ ಕ್ಯಾಪ್ಟನ್ ಎಂದು ಹೆಸರು ಬಿತ್ತು.

ನಿಯಮ ಒಂದೇ, ಅದನ್ನು ಮಾಡಿದವನೂ ಅವನೇ: ಕಣ್ಣಾರೆ ನೋಡಿದವರೇ ಮಾತಾಡಬೇಕು. ಒಮ್ಮೆ ಡ್ರೈವರನ ಭಾವಮೈದ ಬಂದು, ಯಾರೋ ಹೇಳಿದ ಕತೆಯನ್ನು ತಾನೇ ನೋಡಿದಂತೆ ಊದಿದ. “ಎದ್ದು ಹೋಗಪ್ಪ, ನೋಡ್ಕೊಂಡು ಬಾ,” ಎಂದು ಕ್ಯಾಪ್ಟನ್ ಅವನನ್ನು ಮೂಟೆಯಿಂದ ಎಬ್ಬಿಸಿ ಕಳಿಸಿದ್ದ.

ಅವನದೇ ಕಣ್ಣು ಮಂಜಾಗತೊಡಗಿದ್ದು ಆಮೇಲೆ. ಕತ್ತಲೆ ಅಂಚಿನಿಂದ ಒಳಗೊಳಗೆ ಬಂತು. ಹೋದದ್ದು ಬರುವುದಿಲ್ಲ ಎಂದರು ಡಾಕ್ಟರು. ಕೆಲಸವೇನೂ ಕೆಡಲಿಲ್ಲ, ನಾದುವುದು ಕೈಗೆ ಗೊತ್ತು, ಬೆಂದದ್ದು ಮೂಗಿಗೆ ಗೊತ್ತು, ಗಿರಾಕಿಗಳನ್ನು ಬೇಕರಿಯಮ್ಮ ನೋಡಿಕೊಂಡಳು. ಬೀದಿಯಲ್ಲಿ ಹೆಂಡತಿಯ ತೋಳು ಹಿಡಿದು ನಡೆಯುವುದಕ್ಕೆ ಮೊಣಕಾಲು ನೋವೆಂಬ ನೆಪ ಹುಟ್ಟಿತು. ಗಂಡನ ಅಕ್ಕ ಅದನ್ನು ನಂಬಿ ಬಗೆಬಗೆಯ ಎಣ್ಣೆ ಕಳಿಸಿದಳು.

“ಸೋಮವಾರದ್ದು ಬಿಟ್ಟುಬಿಡಿ,” ಎಂದಿದ್ದಳು ಬೇಕರಿಯಮ್ಮ.

“ಅದನ್ನೂ ಬಿಟ್ರೆ ನನಗೆ ಇನ್ನೇನಿದೆ?” ಎಂದ. ಆಮೇಲೆ, “ನೀನಿದ್ದೀಯ, ಅದು ಬೇರೆ ಮಾತು,” ಎಂದು ತೇಪೆ ಹಚ್ಚಿದ.

ಹಾಗೆ ಶನಿವಾರದ ಮ್ಯಾಟಿನಿ ಶುರುವಾಯಿತು. ಕೊನೆಯ ಸಾಲಿನ ಮೂಲೆ, ಅವನು ಅವಳ ಎಡಕ್ಕೆ. ಸಿನಿಮಾದ ಮಾತು ಅವನಿಗೆ ಕೇಳಿಸುತ್ತಿತ್ತು. ಕಾಣುವುದನ್ನು ಅವಳು ಕಿವಿಯಲ್ಲಿ ಹೇಳಬೇಕು. ಅವಳಿಗೋ ಹಡಗೆಂದರೆ ಅಷ್ಟಕ್ಕಷ್ಟೇ.

“ಈಗ ಹಡಗು ಬಂತು.”

“ಹೇಗಿದೆ?”

“ಇಕ್ಕಳದ ಥರ.”

“ಯಾವ ಇಕ್ಕಳ?”

“ಅಯ್ಯೋ, ನಮ್ಮ ಒಲೆದು. ಸುಮ್ನಿರಿ, ಮುಂದಿನವರು ತಿರುಗಿ ನೋಡ್ತಿದ್ದಾರೆ.”

ಅಷ್ಟು ಸಿಕ್ಕರೆ ಸಾಕು, ಸೋಮವಾರದ ಹೊತ್ತಿಗೆ ಅವನು ಅದಕ್ಕೆ ರೆಕ್ಕೆ ಪುಕ್ಕ ಎಲ್ಲ ಹಚ್ಚಿರುತ್ತಿದ್ದ.

ಒಂದು ಶನಿವಾರದ ಸಿನಿಮಾದಲ್ಲಿ ಮಾತೇ ಇರಲಿಲ್ಲ, ಬರೀ ಸಂಗೀತ. ನಸುಕಿನಿಂದ ಒಲೆಯ ಮುಂದೆ ಬೆಂದವಳು, ಕಣ್ಣು ಯಾವಾಗ ಮುಚ್ಚಿದಳೋ ಗೊತ್ತಿಲ್ಲ. ಅವನ ಮೊಣಕೈ ತಿವಿದಾಗ ಎಚ್ಚರವಾಯಿತು. “ಮ್ಯೂಸಿಕ್ ಬದಲಾಯ್ತಲ್ಲ, ಏನಾಯ್ತು?” ಪರದೆ ಕಪ್ಪಗಿತ್ತು. ನಿದ್ದೆ ಹೋಗಿದ್ದೆ ಎನ್ನುವುದಕ್ಕೆ ಅವಳಿಗೆ ನಾಚಿಕೆಯಾಯಿತು.

“ಹಡಗು ಬಂತು. ಸಣ್ಣದು. ಒಳಗೆ ಒಬ್ಬ ಗಂಡ, ಒಬ್ಬ ಹೆಂಡತಿ, ಅಷ್ಟೇ ಇರೋದು. ಈ ಗೋಡೆಯಿಂದ ಆ ಗೋಡೆಗೆ ಹಗ್ಗ ಕಟ್ಟಿದ್ದಾರೆ. ಸಾಕ್ಸ್ ಒಣಹಾಕಿದ್ದಾರೆ. ಎರಡು ದೊಡ್ಡವು, ಎರಡು ಚಿಕ್ಕವು.”

ಅವನು ನಕ್ಕ ನಗೆಗೆ ಇಡೀ ಸಾಲು ತಿರುಗಿತು. “ಅಲ್ವಾ ಮತ್ತೆ? ಅಷ್ಟು ದೂರ ಹೋಗೋರು ಸಾಕ್ಸ್ ಒಗೀದೆ ಇರ್ತಾರಾ? ಇಷ್ಟು ವರ್ಷ ಒಬ್ಬನಿಗಾದ್ರೂ ಹೊಳೀಲಿಲ್ಲ ನೋಡು.”

ಅಂದಿನಿಂದ ಅದೇ ಅವನ ಹಡಗಾಯಿತು. ಜಗಳದಲ್ಲಿ ಅದನ್ನೇ ಮುಂದಿಟ್ಟು ಎಲ್ಲರ ಬಾಯಿ ಮುಚ್ಚಿಸುತ್ತಿದ್ದ. ಇವಳಿಗೆ ಬಿಸಿತುಪ್ಪ ಬಾಯಿಗೆ ಬಿದ್ದ ಹಾಗೆ, ನುಂಗಲಾರಳು, ಉಗುಳಲಾರಳು. ಆ ಮೂವರೂ ಸಿನಿಮಾ ನೋಡೇ ನೋಡುತ್ತಾರೆ, ಹಗ್ಗ ಇಲ್ಲವೆಂದು ಗೊತ್ತಾಗೇ ಆಗುತ್ತದೆ ಎಂದು ಪ್ರತಿ ಸೋಮವಾರ ಕಾದಳು. ಯಾರೂ ಏನೂ ಅನ್ನಲಿಲ್ಲ. ಬದಲಿಗೆ ಗಂಡ ಖುಷಿಯಾಗಿ ಬರತೊಡಗಿದ. “ಈಗೀಗ ಅವರು ಎಷ್ಟು ಚೆನ್ನಾಗಿ ಹೇಳ್ತಾರೆ ಗೊತ್ತಾ? ಮೂತಿಯಿಂದ ಬಾಲದವರೆಗೆ, ಕಣ್ಣಿಗೆ ಕಟ್ಟೋ ಹಾಗೆ.” ಮತ್ತೆ ಒಂದು ದಿನ ಹೇಳಿದ: “ನಾನು ಹೋದ ಮೇಲೂ ಅವರಿಗೆ ಹೇಳಬೇಡ. ಕ್ಯಾಪ್ಟನ್ ನೋಡದೇ ಮಾತಾಡ್ತಿದ್ದ ಅಂತ ಆಗಬಾರದು.”

*

ಮೂವರೂ ಹೆಣದ ಕಾಲ ಬಳಿ ಕೂತಿದ್ದರು. ಡ್ರೈವರ್ ಡ್ಯೂಟಿಯ ಬಟ್ಟೆಯಲ್ಲೇ ಬಂದಿದ್ದ. ತಗಡಿನವನ ಬೆರಳಿಗೆ ಎರಡು ಕಡೆ ಪಟ್ಟಿ ಸುತ್ತಿತ್ತು.

“ಹೊಸದು ಬಂದಿದೆಯಲ್ಲ, ನೋಡಿದ್ರಾ?” ಎಂದು ಡ್ರೈವರ್ ಪಿಸುಗುಟ್ಟಿದ.

“ನೋಡ್ದೆ. ಹಡಗು ಉದ್ದಕ್ಕೆ, ಮೀನಿನ ಥರ. ಮೂತಿ ಚೂಪು, ಹೊಟ್ಟೆ ಪೂರ್ತಿ ನೀಲಿ ಲೈಟು,” ಎಂದಳು ನರ್ಸು, ಒಂದೊಂದೇ ಮಾತು ಬಿಡಿಸಿ. “ಬಾಲದ ಹತ್ರ ಮೂರು ಕೊಳವೆ.”

“ಒಂದು ಬೋಲ್ಟ್ ಕಾಣ್ಲಿಲ್ಲ ಅದರಲ್ಲಿ,” ಎಂದ ತಗಡಿನವನು. “ಬೋಲ್ಟ್ ಇಲ್ಲದ ಹಡಗಿಗೆ ನಾನಂತೂ ಕಾಲಿಡಲ್ಲ.”

“ನಿನ್ನನ್ನ ಯಾರು ಕರೆದ್ರು?” ಎಂದ ಡ್ರೈವರ್.

“ಹೆಣದ ಮುಂದೆ ಇದೆಂಥ ಮಾತು?” ಎಂದಳು ಗಂಡನ ಅಕ್ಕ.

“ತಪ್ಪಾಯ್ತಮ್ಮ,” ನರ್ಸು ತಲೆ ತಗ್ಗಿಸಿದಳು. “ಇವತ್ತು ಸೋಮವಾರ. ಅವರಿಗೆ ಕೇಳಿಸಲಿ ಅಂತ.”

ಅಕ್ಕ ಮೂಗೊರೆಸಿಕೊಂಡು ನೆರೆಯವಳ ಕಡೆ ತಿರುಗಿದಳು. “ಆ ಮೊಣಕಾಲೇ ಇವನನ್ನ ತಿಂದುಹಾಕ್ತು. ನಾನು ಕಳಿಸಿದ ಎಣ್ಣೆ ಸರಿಯಾಗಿ ತಿಕ್ಕಿದ್ರೆ ಇನ್ನೂ ಓಡಾಡ್ಕೊಂಡಿರ್ತಿದ್ದ.”

“ಅತ್ತೆ, ಅಪ್ಪಂಗೆ ಮೊಣಕಾಲಲ್ಲ...” ಎಂದು ಮಗಳು ಬಾಯಿ ತೆಗೆದಳು.

“ನೀರು ತಗೊಂಡು ಬಾ ಹೋಗು,” ಎಂದಳು ಬೇಕರಿಯಮ್ಮ, ಬೇಕಾದ್ದಕ್ಕಿಂತ ಜೋರಾಗಿ. ಅದೇ ಹೊತ್ತಿಗೆ ಡ್ರೈವರ್ ಕೂಡ, “ಮೊಣಕಾಲು ಭಾರಿ ನೋವಿತ್ತು ಅವರಿಗೆ, ಬಸ್ಸಿನ ಮೆಟ್ಟಿಲು ಹತ್ತಿಸ್ತಿದ್ದೋನು ನಾನೇ ಅಲ್ವಾ,” ಎಂದು ಯಾರೂ ಕೇಳದಿದ್ದರೂ ಹೇಳಿದ. ನರ್ಸೂ ಹೌದು ಹೌದು ಎಂದಳು. ಬೇಕರಿಯಮ್ಮನಿಗೆ ಹೋದ ಜೀವ ಬಂದಂತಾಯಿತು. ಕೊಟ್ಟ ಮಾತು ಇನ್ನೊಂದು ಗಳಿಗೆ ಉಳಿದರೆ ಸಾಕು, ಮಣ್ಣಾಗುತ್ತದೆ, ಎಲ್ಲ ಮುಗಿಯುತ್ತದೆ.

ವ್ಯಾನ್ ಬಂದಾಗ ಅದರ ಡ್ರೈವರನನ್ನು ಪಕ್ಕಕ್ಕೆ ಕೂರಿಸಿ ಬಸ್ ಡ್ರೈವರನೇ ಸ್ಟೇರಿಂಗ್ ಹಿಡಿದ. ಒಂದು ಗುಂಡಿಗೂ ಚಕ್ರ ಇಳಿಸದೆ, ನಡೆಯುವವರಿಗಿಂತ ನಿಧಾನವಾಗಿ ಓಡಿಸಿದ. ಸ್ಮಶಾನದಲ್ಲಿ ಕೊನೆಯ ಸಲ ಹೊದಿಕೆ ಸರಿಪಡಿಸುವಾಗ ಕಾಲು ಹೊರಗೆ ಕಂಡವು, ಒಂದು ಬೂದು, ಒಂದು ಕಂದು. ತಗಡಿನವನು ಅದನ್ನು ನೋಡಿ ಯಾಕೋ ಮುಖ ಸಣ್ಣದು ಮಾಡಿಕೊಂಡ.

*

“ಅತ್ತಿಗೆ, ಒಂದು ಗಳಿಗೆ ಬೇಕರಿಗೆ ಬಂದು ಹೋಗಿ,” ಎಂದರು ಮೂವರೂ, ಮಣ್ಣು ಮಾಡಿ ಬಂದ ಮೇಲೆ.

ಒಲೆ ತಣ್ಣಗಿತ್ತು. ಅವರವರ ಮೂಟೆಯ ಮೇಲೆ ಅವರವರು ಕೂತರು. ಕ್ಯಾಪ್ಟನ್ನನ ಮೂಟೆಯ ಮೇಲೆ ಬಟ್ಟೆ ಮುಚ್ಚಿದ ಏನೋ ಇತ್ತು.

“ಈ ವಾರದ್ದು ನೀವು ಹೇಳಬೇಕು. ಅವರ ಸರದಿ ಇತ್ತು,” ಎಂದಳು ನರ್ಸು.

“ನಾನೇನು ಬಲ್ಲೆ?” ಎಂದಳು ಬೇಕರಿಯಮ್ಮ. “ ನೋಡಿದವರು ಅವರು. ನಾನು ಸುಮ್ನೆ ಜೊತೆಗೆ ಹೋಗ್ತಿದ್ದೆ.”

ತಗಡಿನವನು ಎದ್ದು ಬಟ್ಟೆ ತೆಗೆದ. ಬಿಸ್ಕತ್ತಿನ ಡಬ್ಬಿಗಳನ್ನು ಕತ್ತರಿಸಿ ಬೆಸೆದ ಪುಟ್ಟ ಹಡಗು, ಮೈಮೇಲೆ ಅಲ್ಲಲ್ಲಿ ತೇಪೆ. ಪಕ್ಕದಲ್ಲಿ ಅಗಲ ಕಿಟಕಿ. ಕಿಟಕಿಯೊಳಗೆ, ಈ ಗೋಡೆಯಿಂದ ಆ ಗೋಡೆಗೆ, ಹಗ್ಗ. ಹಗ್ಗದ ಮೇಲೆ ಎರಡು ದೊಡ್ಡವು, ಎರಡು ಚಿಕ್ಕವು.

“ಆ ಸಿನಿಮಾ ನಾನು ಎರಡು ಸಲ ನೋಡ್ದೆ ಅತ್ತಿಗೆ,” ಎಂದ ಡ್ರೈವರ್. “ಹಗ್ಗ ಕಾಣ್ಲಿಲ್ಲ. ಥಿಯೇಟರಿನವರು ಕತ್ತರಿಸಿ ತೋರಿಸ್ತಿದ್ದಾರೆ ಅಂತ ಮ್ಯಾನೇಜರ್ ಜೊತೆ ಜಗಳಾನೂ ಆಡ್ದೆ.”

“ನನಗೆ ಮೊದಲೇ ಅನುಮಾನ ಇತ್ತು,” ಎಂದಳು ನರ್ಸು. “ಮೊಣಕಾಲು ನೋವಿದ್ದೋರು ಮೆಟ್ಟಿಲು ಹತ್ತುವಾಗ ಮುಖ ಕಿವುಚ್ತಾರೆ. ಇವರು ಕಾಲಲ್ಲಿ ಮೆಟ್ಟಿಲು ಹುಡುಕ್ತಿದ್ರು.”

“ಗೊತ್ತಿದ್ದೂ ಸುಮ್ನಿದ್ರಾ?”

“ಏನಂತ ಹೇಳೋದು? ನಿಯಮ ಅವರದ್ದೇ. ಬಾಯಿ ಬಿಟ್ಟಿದ್ರೆ ಅವರೇ ಎದ್ದು ಹೋಗ್ತಿದ್ರು. ಅದಕ್ಕೇ ನಾವು ಇನ್ನೊಂದು ನಿಯಮ ಮಾಡ್ಕೊಂಡ್ವಿ. ಹಡಗನ್ನ ಮೂತಿಯಿಂದ ಬಾಲದವರೆಗೆ ಹೇಳಬೇಕು, ಏನೂ ಬಿಡಬಾರದು ಅಂತ.”

ಬೇಕರಿಯಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಇಷ್ಟು ದಿನ ತಾನೊಬ್ಬಳೇ ಹೊತ್ತಿದ್ದೇನೆ ಎಂದು ಅವಳು ಅಂದುಕೊಂಡಿದ್ದ ಭಾರಕ್ಕೆ ಮೂರು ಜನ ಹಿಂದಿನಿಂದ ಕೈ ಕೊಟ್ಟಿದ್ದರು. ಅದು ಅವನಿಗೆ ಗೊತ್ತಾಗದೇ ಹೋಯಿತಲ್ಲ ಎಂದು ಅವಳಿಗೆ ಸಂಕಟವಾಯಿತು. ಗೊತ್ತಾಗದೇ ಹೋದದ್ದೇ ಒಳ್ಳೆಯದಾಯಿತು ಎಂದೂ ಅನ್ನಿಸಿತು.

“ಹಗ್ಗ ಕಟ್ಟಿದ್ದು ಯಾರು ಅಂತ ನಮಗೆ ತಿಳೀದಾ?” ಎಂದಳು ನರ್ಸು. “ಇಷ್ಟು ಸಿನಿಮಾ ನೋಡಿದ್ದೀವಿ, ಒಗೆದ ಬಟ್ಟೆಯ ಯೋಚನೆ ಇರೋ ಹಡಗು ಒಂದೂ ಕಂಡಿಲ್ಲ. ಎಲ್ಲಾ ಹಡಗಿಗಿಂತ ಅದೇ ಮೇಲು ಅಂತ ನಾವು ಒಪ್ಕೊಂಡು ಎಷ್ಟೋ ದಿನ ಆಯ್ತು. ಈ ಡ್ರೈವರೂ ಒಪ್ಪಿದ್ದಾನೆ.”

“ಅರ್ಧ ಮನಸ್ಸಿಂದ,” ಎಂದ ಡ್ರೈವರ್.

ತಗಡಿನವನು ಪಟ್ಟಿ ಸುತ್ತಿದ ಬೆರಳುಗಳನ್ನು ನೋಡಿಕೊಳ್ಳುತ್ತ ನಿಂತಿದ್ದ. “ಕೈಯಲ್ಲಿ ತಡವಿ ನೋಡ್ಲಿ ಅಂತ ಮಾಡಿದ್ದು, ಅತ್ತಿಗೆ. ಇವತ್ತು ಕೊಡೋದು ಅಂತಿತ್ತು. ಸಾಕ್ಸಿಗೆ ಬಟ್ಟೆ ಬೇಕಾಗಿತ್ತು. ಹೋದ ವಾರ ಒಲೆ ಹಿಂದೆ ಒಂದು ನೇತಾಡ್ತಿತ್ತು, ಹಿಮ್ಮಡಿ ತೂತು ಬೇರೆ. ಬಿಸಾಡಿದ್ದು ಅಂದ್ಕೊಂಡು ಕತ್ತರಿ ಹಾಕ್ಬಿಟ್ಟೆ. ಅದಕ್ಕೆ ಜೋಡಿ ಇದೆ ಅಂತ ಗೊತ್ತಾಗಿದ್ದೇ ಇವತ್ತು.”

ಅವಳು ಬಗ್ಗಿ ನೋಡಿದಳು. ಬೂದು ಉಣ್ಣೆ. ಚಿಕ್ಕ ಜೋಡಿಯ ಅಂಚಿಗೆ ನೀಲಿ ಪಟ್ಟೆ ಬರುವ ಹಾಗೆ ಕತ್ತರಿಸಿ, ದಪ್ಪ ದಾರದಲ್ಲಿ ವಕ್ರವಕ್ರವಾಗಿ ಹೊಲಿದಿದ್ದ. “ಬೆಳಗ್ಗೆಯಿಂದ ಮನೆಯೆಲ್ಲ ತಲೆಕೆಳಗು ಮಾಡಿದ್ನಲ್ಲೋ,” ಎಂದಳು. ನಗು ಬಂತು. ನಗು ತಡೆಯಲು ಹೋದರೆ ನಿನ್ನೆಯಿಂದ ಬಾರದಿದ್ದ ಅಳು ಬಂತು. ಮೂವರೂ ಅವಳನ್ನು ಅಳುವುದಕ್ಕೆ ಬಿಟ್ಟರು.

ಆಮೇಲೆ ಡ್ರೈವರ್ ಕೇಳಿದ. “ಶನಿವಾರ ಏನು ನೋಡಿದ್ರಿ, ಅತ್ತಿಗೆ?”

ಬೇಕರಿಯಮ್ಮ ಕಣ್ಣೊರೆಸಿಕೊಂಡು ಕ್ಯಾಪ್ಟನ್ನನ ಮೂಟೆಯ ಮೇಲೆ ಕೂತಳು. ಹಡಗನ್ನು ಮಡಿಲಲ್ಲಿ ಇಟ್ಟುಕೊಂಡಳು.

“ಮೊದಲಿಗೆ ಬರೀ ಕತ್ತಲೆ,” ಎಂದಳು, ಥಿಯೇಟರಿನಲ್ಲಿ ಕೂತಂತೆ ಎಡಕ್ಕೆ ವಾಲಿ, ಮುಂದಿನ ಸಾಲಿನವರಿಗೆ ಕೇಳಿಸದ ಹಾಗೆ. ಮೂವರೂ ಮುಂದಕ್ಕೆ ಬಗ್ಗಿದರು. ಅವಳ ಬೆರಳುಗಳು ಕಿಟಕಿಯೊಳಗೆ ಹೋಗಿ, ಹಗ್ಗದ ಮೇಲಿನ ಕಾಲುಚೀಲಗಳನ್ನು ಒಂದೊಂದಾಗಿ ಹಿಸುಕಿ, ಒಣಗಿವೆಯೇ ಎಂದು ನೋಡುತ್ತಿದ್ದವು.